ಮಂದಾಕಿನಿಯ ಮರೆ

ನನ್ನ ಮಗಳು ಮೃದುಲಾ ಯಾವ ಬಾಗಿಲಿನ ಹಿಂದೆ ವಾಸವಾಗಿದ್ದಾಳೆ ಎಂಬುದು ಮಂದಾಕಿನಿಗೆ ಗೊತ್ತು. ನನಗೆ ಗೊತ್ತಿಲ್ಲ. ಇದೊಂದನ್ನು ಮೊದಲೇ ಹೇಳಿಬಿಟ್ಟರೆ, ನಾನು ಮುಂದೆ ಮಾಡಿದ್ದರಲ್ಲಿ ನ್ಯಾಯ ಎಷ್ಟು, ಹೊಟ್ಟೆಕಿಚ್ಚು ಎಷ್ಟು ಎಂದು ಓದುವವರೇ ತೂಗಿ ನೋಡಿಕೊಳ್ಳಬಹುದು.

ನಮ್ಮ ಊರಿನಲ್ಲಿ ದಾರಿ ಕೇಳುವ ಪದ್ಧತಿ ಇಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ನಿಂತು, ಹೋಗಬೇಕಾದ ಬಾಗಿಲಿನ ಹೆಸರನ್ನು ಮೆಲ್ಲಗೆ ಹೇಳಿ ನಡೆಯತೊಡಗಿದರೆ ಆ ಬಾಗಿಲಿಗೇ ಹೋಗಿ ನಿಲ್ಲುತ್ತೀರಿ. ಹೆಸರು ಹೇಳದೆ ಹೊರಟವರು, ಇನ್ನೊಬ್ಬರ ಬೆನ್ನು ಹಿಡಿದು ಹೊರಟವರು, ಎಷ್ಟು ನಡೆದರೂ ಹೊರಟಲ್ಲಿಗೇ ಬರುತ್ತಾರೆ. ಮಾತು ಬಾರದ ನೇಕಾರನೊಬ್ಬ ಇದ್ದ. ಅವನು ಚೀಟಿ ಹಿಡಿದು ನಿಂತರೆ, ಎಷ್ಟೇ ಅವಸರದಲ್ಲಿದ್ದವರೂ ನಿಂತು ಚೀಟಿಯಲ್ಲಿದ್ದ ಹೆಸರನ್ನು ಅವನ ಪರವಾಗಿ ಹೇಳಿ, ಅವನ ಭುಜ ಮುಟ್ಟಿ ಕಳಿಸುತ್ತಿದ್ದರು. ರಸ್ತೆಯೂ ಅದನ್ನು ಒಪ್ಪಿಕೊಳ್ಳುತ್ತಿತ್ತು.

ಹೀಗಾಗಿ ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಕಚೇರಿ ಎಂದರೆ ಹೆಸರು ಕಚೇರಿ. ಯಾವ ಬಾಗಿಲಿಗೆ ಯಾವ ಹೆಸರು, ಆ ಹೆಸರು ಯಾರದು ಎಂದು ಅಲ್ಲಿಯ ದಫ್ತರದಲ್ಲಿ ಬರೆದಿರುತ್ತದೆ. ವರ್ಷಕ್ಕೊಮ್ಮೆ ಬಂದು ನವೀಕರಿಸಬೇಕು. ದಫ್ತರ ಸದಾ ಮೇಜಿನ ಮೇಲೆ ತೆರೆದೇ ಇರುತ್ತದೆ. ಯಾರು ಬೇಕಾದರೂ ನೋಡಬಹುದು, ಯಾರು ಕೇಳಿದರೂ ಹೇಳಬೇಕು. ಮೂವತ್ತೊಂದು ವರ್ಷ ಆ ಮೇಜಿನ ಹಿಂದೆ ಕುಳಿತವಳು ನಾನು. ಒಂದು ದಿನವೂ ತಪ್ಪು ಬರೆಯಲಿಲ್ಲ, ಕೇಳಿದವರಿಗೆ ಇಲ್ಲವೆನ್ನಲಿಲ್ಲ. ನನ್ನ ಅಕ್ಷರ ನೋಡಲೆಂದೇ ಕೆಲವರು ಬರುತ್ತಿದ್ದರು ಎಂದರೆ ಜಂಬ ಎಂದುಕೊಳ್ಳಬೇಡಿ, ನಿಜವಾಗಿಯೂ ಬರುತ್ತಿದ್ದರು.

ಮಂದಾಕಿನಿ ನನ್ನ ಜೊತೆ ಕಾಲೇಜಿನಲ್ಲಿ ಓದಿದವಳು. ನಾನು ಬಿ.ಎ. ಮೊದಲ ದರ್ಜೆಯಲ್ಲಿ ಪಾಸಾದೆ, ಅವಳು ಎರಡನೇ ವರ್ಷವೇ ಬಿಟ್ಟಳು. ಆದರೂ ಹಾಸ್ಟೆಲಿನ ಹುಡುಗಿಯರು ಅಳಬೇಕಾದಾಗ ನನ್ನ ಕೋಣೆ ದಾಟಿಕೊಂಡು ಅವಳ ಕೋಣೆಗೆ ಹೋಗುತ್ತಿದ್ದರು. ನನ್ನ ಬಳಿ ನೋಟ್ಸ್ ಕೇಳಲು ಬರುತ್ತಿದ್ದರು. ಆಗಲೇ ನನಗೆ ಅದು ಚುಚ್ಚುತ್ತಿತ್ತು. ಆಮೇಲೆ ಅವಳು ಜಗಲಿಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡು ಕುಳಿತಳು. ಗಂಡ ಸತ್ತ ಹೆಣ್ಣೊಬ್ಬಳು ಊಟದ ಮನೆ ತೆರೆಯಬೇಕೆಂದಿದ್ದಳು; ಮೈದುನಂದಿರಿಗೆ ತಿಳಿದರೆ ಬಿಡುವುದಿಲ್ಲ ಎಂಬ ಭಯ. 'ನಿನ್ನ ಹೆಸರು ಬೇಡ, ದಫ್ತರದಲ್ಲಿ ನನ್ನ ಹೆಸರು ಬರೆಸು' ಎಂದಳಂತೆ ಮಂದಾಕಿನಿ. ಹಾಗೆ ಶುರುವಾಯಿತು. ಜನ ಅದನ್ನು ಮರೆ ಎಂದು ಕರೆದರು. ನಾನು ನಿವೃತ್ತಳಾಗುವ ಹೊತ್ತಿಗೆ ದಫ್ತರದಲ್ಲಿ ಒಂಬೈನೂರಕ್ಕೂ ಹೆಚ್ಚು ಬಾಗಿಲುಗಳ ಮುಂದೆ ಒಡತಿ ಎಂದು ಮಂದಾಕಿನಿಯ ಹೆಸರಿತ್ತು. ಅಷ್ಟನ್ನೂ ಬರೆದದ್ದು ನನ್ನ ಕೈಯೇ. ಜನ ನನಗೆ ಹೆಸರು ಕೊಟ್ಟದ್ದು ನಿಯಮ ಇದೆಯೆಂದು. ಅವಳಿಗೆ ಗುಟ್ಟು ಕೊಟ್ಟದ್ದು ತಾವಾಗಿಯೇ.

ಎರಡು ವರ್ಷದ ಕೆಳಗೆ ಮೃದುಲಾ ಗಂಡ ಪದ್ಮನಾಭನ ಮನೆಯಿಂದ ಮಧ್ಯಾಹ್ನ ಹೊರಟವಳು ಮತ್ತೆ ಕಾಣಲಿಲ್ಲ. ಅವಳ ಎಡಗೈ ಮಣಿಕಟ್ಟು ಆಗಲೇ ಸೊಟ್ಟಗಾಗಿತ್ತು. ಅದು ಹೇಗಾಯಿತೆಂದು ನನಗೆ ಗೊತ್ತಿತ್ತು. ಮರುದಿನ ಮಂದಾಕಿನಿ ಬಂದು, ಅವಳು ಚೆನ್ನಾಗಿದ್ದಾಳೆ, ನನ್ನ ಮರೆಯಲ್ಲಿದ್ದಾಳೆ, ಹೆಚ್ಚು ಕೇಳಬೇಡ ಎಂದು ಹೇಳಿ ಹೋದಳು. ನಾನು ದೇವರ ಮುಂದೆ ದೀಪ ಹಚ್ಚಿದೆ. ಹಚ್ಚುವಾಗ ನನ್ನ ಮನಸ್ಸಿನಲ್ಲಿದ್ದದ್ದು ಕೃತಜ್ಞತೆಯೊಂದೇ ಅಲ್ಲ.

ಹೀಗಿರುವಾಗ ಗೋಪಣ್ಣನ ಮದ್ದಿನಂಗಡಿಯ ಪ್ರಸಂಗ ನಡೆಯಿತು. ಗೋಪಣ್ಣನಿಗೆ ಮಗಳ ಬಾಣಂತನದ ಗಡಿಬಿಡಿ, ನವೀಕರಣದ ದಿನ ಮರೆತ. ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಯಾರೋ ಆ ಹೆಸರನ್ನು ಮಂದಾಕಿನಿಯ ಮರೆಯಲ್ಲಿ ತಮ್ಮ ಬಾಗಿಲಿಗೆ ಬರೆಸಿಕೊಂಡರು. ಅಂದಿನಿಂದ 'ಗೋಪಣ್ಣನ ಮದ್ದಿನಂಗಡಿ' ಎಂದು ಹೇಳಿ ಹೊರಟವರೆಲ್ಲ ಬೇರೆ ಬಾಗಿಲಿಗೆ ಹೋಗಿ ನಿಂತರು. ಒಳಗೆ ಪರದೆಯ ಹಿಂದಿನಿಂದ ಒಂದು ಕೈ ಸಕ್ಕರೆ ಕಾಯಿಲೆಯ ಮಾತ್ರೆ ಎಂದು ಸೀಮೆಸುಣ್ಣದ ಉಂಡೆ ಕೊಡುತ್ತಿತ್ತು. ಬಳೆಗಾರರ ಮನೆಯ ಅಜ್ಜಿ ಪ್ರಜ್ಞೆ ತಪ್ಪಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಗೋಪಣ್ಣ ತನ್ನ ಅಂಗಡಿಯಲ್ಲಿ ಕುಳಿತೇ ಇದ್ದ, ಗಿರಾಕಿ ಯಾಕೆ ಬರುತ್ತಿಲ್ಲವೆಂದು. ಜನ ಪರದೆ ಎಳೆದು ನೋಡುವ ಹೊತ್ತಿಗೆ ಒಳಗಿದ್ದವನು ಓಡಿಹೋಗಿದ್ದ. ಮಂದಾಕಿನಿಯ ಜಗಲಿಗೆ ಹೋಗಿ ಅದು ಯಾರೆಂದು ಕೇಳಿದಾಗ, ಮಾತು ಕೊಟ್ಟಿದ್ದೇನೆ, ಹೇಳಲಾರೆ ಎಂದಳು.

ಊರು ರೊಚ್ಚಿಗೆದ್ದಿತು. ಪುರಸಭೆಯವರು ಐದು ಜನರ ಸಮಿತಿ ಮಾಡಿ, ಹೆಸರುಗಳ ದುರುಪಯೋಗಕ್ಕೂ ಮರೆಗೂ ಒಂದು ನಿಯಮಾವಳಿ ಬರೆದುಕೊಡಿ ಎಂದರು. ನಿವೃತ್ತ ಮುಖ್ಯೋಪಾಧ್ಯಾಯ ಅನಂತಯ್ಯನವರು ಅಧ್ಯಕ್ಷರು. ಬಟ್ಟೆ ಅಂಗಡಿಯ ರುದ್ರಪ್ಪನವರು ವರ್ತಕರ ಕಡೆಯಿಂದ. ಇನ್ನಿಬ್ಬರು ಪುರಸಭೆಯವರು, ಅವರು ಹೆಚ್ಚಾಗಿ ತಲೆಯಾಡಿಸುತ್ತಿದ್ದರು. ಕರಡು ಬರೆಯುವ ಕೆಲಸ ನನ್ನದು. 'ನಿಮ್ಮಷ್ಟು ತಿಳಿದೋರು ಯಾರಿದಾರೆ ವಾರಿಜಮ್ಮ' ಎಂದರು ಅನಂತಯ್ಯ. ಮನೆಗೆ ಬಂದು ಆ ದಿನವೇ ಹೊಸ ನಿಬ್ಬು ಹಾಕಿದೆ.

ನನ್ನ ಮೊದಲ ಕರಡು ಒಂದೇ ಪುಟದ್ದು. ಇನ್ನು ಮುಂದೆ ಮರೆ ಎಂಬುದೇ ಇಲ್ಲ. ಮರೆಯಲ್ಲಿರುವ ಪ್ರತಿ ಬಾಗಿಲಿನ ನಿಜವಾದ ಒಡೆಯರ ಹೆಸರನ್ನು ಹದಿನೈದು ದಿನಗಳೊಳಗೆ ದಫ್ತರದಲ್ಲಿ ಬರೆಸತಕ್ಕದ್ದು. ಅಜ್ಜಿಯ ಹೆಸರನ್ನೂ ಸೀಮೆಸುಣ್ಣವನ್ನೂ ಕಾರಣವಾಗಿ ಕೊಟ್ಟೆ. ಎರಡೂ ಸರಿಯಾದ ಕಾರಣಗಳೇ. ಬರೆಯುತ್ತ ಬರೆಯುತ್ತ ನನಗೆ ಕಾಣುತ್ತಿದ್ದದ್ದು ಮಾತ್ರ ಖಾಲಿಯಾದ ಮಂದಾಕಿನಿಯ ಜಗಲಿ, ಮತ್ತು ದಫ್ತರದಲ್ಲಿ ಮೃದುಲಾ ಎಂಬ ಹೆಸರು, ಅದರ ಪಕ್ಕದಲ್ಲಿ ಒಂದು ಬಾಗಿಲು.

ಸಮಿತಿ ಸೇರುವುದಕ್ಕೆ ಇನ್ನೂ ಎರಡು ವಾರವಿತ್ತು. ಅಷ್ಟು ತಡೆಯಲಾರದೆ ನಾನೊಂದು ಹುಚ್ಚು ಕೆಲಸಕ್ಕೆ ಕೈಹಾಕಿದೆ. ಮಂದಾಕಿನಿಯ ಮುಂದೆ ಬರೆದಿದ್ದ ಬಾಗಿಲುಗಳ ಹೆಸರೆಲ್ಲ ನನಗೆ ಬಾಯಿಪಾಠ; ನಿವೃತ್ತಳಾದ ಮೇಲಿನವನ್ನು ದಫ್ತರ ನೋಡಿ ಬರೆದುಕೊಂಡೆ. ದಿನಾ ಊಟವಾದ ಮೇಲೆ ಕೊಡೆ ಹಿಡಿದು ಹೊರಟು, ಒಂದೊಂದೇ ಹೆಸರು ಹೇಳಿ ಆಯಾ ಬಾಗಿಲಿಗೆ ಹೋಗಿ ತಟ್ಟತೊಡಗಿದೆ. ಒಂದು ಬಾಗಿಲು ತೆರೆದರೆ ಅರವತ್ತು ದಾಟಿದ ಪೈಲ್ವಾನರೊಬ್ಬರು ಗೆಜ್ಜೆ ಕಟ್ಟಿಕೊಂಡು ನಿಂತಿದ್ದರು; ಭರತನಾಟ್ಯ ಕಲಿಯುತ್ತಿದ್ದರಂತೆ. ನನಗೆ ಕುರ್ಚಿ ಹಾಕಿ, ಬಿಸಿಲಲ್ಲಿ ಬಂದಿದ್ದೀರಿ ಎಂದು ಪಾನಕ ಕೊಟ್ಟರು, ಯಾರಿಗೂ ಹೇಳಬೇಡಿ ಎಂದು ಕೇಳಿಕೊಳ್ಳಲಿಲ್ಲ ಕೂಡ. ಇನ್ನೊಂದು ಮನೆಯಲ್ಲಿ ಅಕ್ಕತಂಗಿಯರಿಬ್ಬರು, ಒಬ್ಬಳು ತಲೆ ಕೂದಲು ಉದುರಿದವರಿಗೆ ಚೌರಿ ಕಟ್ಟುವವಳು. ಆದರೆ ಹೆಚ್ಚಿನ ಬಾಗಿಲುಗಳು ತೆರೆಯಲೇ ಇಲ್ಲ. ಒಳಗೆ ಪಾತ್ರೆಯ ಸದ್ದು ನಿಲ್ಲುತ್ತಿತ್ತು, ಅಷ್ಟೆ. ನಾನು ಮೃದುಲಾ ಎಂದು ಕರೆಯುವಂತಿರಲಿಲ್ಲ. ಅಕ್ಕಪಕ್ಕದವರು ಕೇಳಿಸಿಕೊಂಡರೆ ಗುಟ್ಟು ರಟ್ಟಾದಂತೆಯೇ. ಮುಚ್ಚಿದ ಬಾಗಿಲುಗಳಲ್ಲಿ ಒಂದರ ಹಿಂದೆ ನನ್ನ ಮಗಳು ಉಸಿರು ಬಿಗಿಹಿಡಿದು, ಯಾವಾಗ ಹೋಗುತ್ತಾರೋ ಎಂದು ನಿಂತಿದ್ದಿರಬಹುದು. ಅದೇ ಬಾಗಿಲುಗಳನ್ನು ಪದ್ಮನಾಭನೂ ತಟ್ಟಿ ಹೋಗಿದ್ದಾನೆಂದು ಚೌರಿ ಕಟ್ಟುವವಳು ಹೇಳಿದ ಮೇಲೆ ನಾನು ಹೊರಡುವುದನ್ನು ನಿಲ್ಲಿಸಿದೆ.

ಸಮಿತಿಯ ಮೊದಲ ಸಭೆಗೆ ಪದ್ಮನಾಭ ಅರ್ಜಿ ಹಿಡಿದು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ನನಗೆಂದು ತಂದ ಮೋಸಂಬಿ ಚೀಲ. ಎಲ್ಲರ ಎದುರು ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಮರೆಯಿಂದ ಮೋಸ ಹೋದವರಲ್ಲಿ ತಾನೂ ಒಬ್ಬ, ಮದುವೆಯಾದ ಹೆಂಡತಿ ಎಲ್ಲಿದ್ದಾಳೆಂದು ಎರಡು ವರ್ಷದಿಂದ ತಿಳಿಯದೆ ಒದ್ದಾಡುತ್ತಿದ್ದೇನೆ ಎಂದ. ರುದ್ರಪ್ಪನವರಿಗೆ ಕಣ್ಣು ತುಂಬಿತು. ಅವರು ಒಳ್ಳೆಯವರು, ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಬಿಳಿ ಬಟ್ಟೆ ಕಳಿಸಿ, ಅದರ ಮಾತೇ ಎತ್ತದವರು. ಮರೆಯನ್ನು ಪೂರ್ತಿ ತೆಗೆದರೆ ಬಡಪಾಯಿಗಳಿಗೆ ತೊಂದರೆ ಎಂದು ಅನಂತಯ್ಯ ಮೊದಲೇ ನನ್ನ ಕರಡಿಗೆ ಅಡ್ಡ ಹೇಳಿದ್ದರು. ಅದಕ್ಕೆ ಪದ್ಮನಾಭನೇ ನಯವಾಗಿ ಒಂದು ದಾರಿ ತೋರಿಸಿದ.

'ಮರೆ ಇರಲಿ ಸಾರ್, ಬೇಡ ಅನ್ನಲ್ಲ. ಹೊರಗಿನೋರಿಗೆ ಇರಲಿ. ಹತ್ತಿರದ ಸಂಬಂಧಿಕರು ಕೇಳಿದ್ರೆ ಮಾತ್ರ ಹೇಳ್ಬೇಕು ಅಂತ ಮಾಡಿ. ತಾಯಿಗೂ ಮಗಳಿಗೂ ನಡುವೆ ಮರೆ ಯಾಕೆ? ಇಲ್ಲೇ ಕೂತಿದಾರಲ್ಲ ಅತ್ತೆ, ಅವರನ್ನೇ ಕೇಳಿ.'

ಎಲ್ಲರೂ ನನ್ನ ಕಡೆ ನೋಡಿದರು. ಅವನು ಯಾಕೆ ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಆದರೂ ಆ ಮಾತು ನನ್ನೊಳಗೆ ಬೆಲ್ಲದಂತೆ ಕರಗಿತು. ಹತ್ತಿರದ ಸಂಬಂಧಿಕರು ಎಂದರೆ ನಾನೂ ಹೌದು. ಮಂದಾಕಿನಿ ಯಾರು? ಯಾರೂ ಅಲ್ಲ. ನಾನು ಕರಡಿನಲ್ಲಿ 'ಹತ್ತಿರದ ಸಂಬಂಧಿಕರನ್ನು ಹೊರತುಪಡಿಸಿ' ಎಂದು ಬರೆದುಕೊಂಡೆ. ಮುಂದಿನ ಸೋಮವಾರ ಎಲ್ಲರೂ ಸಹಿ ಹಾಕುವುದೆಂದಾಯಿತು. ಮೋಸಂಬಿ ಚೀಲವನ್ನು ಕಚೇರಿಯ ಜವಾನನಿಗೆ ಕೊಟ್ಟುಬಿಟ್ಟೆ. ಅಷ್ಟಾದರೂ ಮಾಡಿದೆ.

ಮಾರನೆಯ ದಿನ ಮಂದಾಕಿನಿಯ ಜಗಲಿಗೆ ಹೋದೆ. ಏಳೆಂಟು ಜನ ಸಾಲಿನಲ್ಲಿ ಕುಳಿತಿದ್ದರು. ಒಬ್ಬೊಬ್ಬರು ಬಂದು ಅವಳ ಕಿವಿಯ ಹತ್ತಿರ ಮಾತಾಡುವಾಗ ಅವಳು ಹೊಲಿಗೆ ಮಿಷನ್ನನ್ನು ಸುಮ್ಮನೆ ತುಳಿಯುತ್ತಿದ್ದಳು. ಸೂಜಿಯಲ್ಲಿ ದಾರವೇ ಇರಲಿಲ್ಲ. ಆ ಸದ್ದಿನಲ್ಲಿ ಮಾತು ಉಳಿದವರಿಗೆ ಕೇಳಿಸಬಾರದೆಂದು. ನನಗದು ಅರ್ಥವಾದ ಕೂಡಲೇ ಮೆಚ್ಚಿಗೆಯಾಯಿತು, ಮೆಚ್ಚಿಗೆಯಾದ ಕೂಡಲೇ ಸಿಟ್ಟು ಬಂತು. ಮೂವತ್ತೊಂದು ವರ್ಷದಲ್ಲಿ ನನ್ನ ಮೇಜಿನ ಮುಂದೆ ಜನ ತಮ್ಮ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು, ನಾನು ಇನ್ನೂ ಗಟ್ಟಿಯಾಗಿ ಹೇಳಿ ಎನ್ನುತ್ತಿದ್ದೆ.

ನನ್ನ ಸರದಿ ಬಂದಾಗ ಅವಳು ಮಿಷನ್ ತುಳಿಯುತ್ತಲೇ, ಮಂಡಿನೋವು ಹೇಗಿದೆ ಎಂದು ಕೇಳಿದಳು.

'ನಿನಗೆ ಯಾರು ಹೇಳಿದ್ರು ಮಂಡಿನೋವು ಅಂತ?'

'ಮೃದುಲಾನೇ. ಹೋದಾಗೆಲ್ಲ ಕೇಳ್ತಾಳೆ, ಅಮ್ಮ ಎಣ್ಣೆ ಹಚ್ಕೊಳ್ತಿದಾಳಾ ನೋಡ್ಕೊಂಡು ಬನ್ನಿ ಅಂತ.'

'ಹೋದಾಗೆಲ್ಲ ಅಂದ್ರೆ? ಎಷ್ಟು ಸಲ ಹೋಗ್ತೀಯ?'

'ಮಂಗಳವಾರ, ಶುಕ್ರವಾರ. ಒಬ್ಬಳೇ ಊಟ ಮಾಡಕ್ಕೆ ಬೇಜಾರು ಅಂತಾಳೆ. ಜೊತೇಲಿ ಕೂತು ಊಟ ಮಾಡಿ ಬರ್ತೀನಿ.'

ವಾರಕ್ಕೆ ಎರಡು ಸಲ. ನಾನು ಮನಸ್ಸಿನಲ್ಲೇ ಎರಡು ವರ್ಷದ ಊಟಗಳನ್ನು ಲೆಕ್ಕ ಹಾಕಿಬಿಟ್ಟೆ. ಮಕ್ಕಳಿಲ್ಲದ ಮಂದಾಕಿನಿಗೆ ಇನ್ನೂರು ಊಟ ನನ್ನ ಮಗಳ ಜೊತೆ. ಗೋಪಣ್ಣನ ಅಂಗಡಿಯ ವಿಚಾರ ತೆಗೆದು, ಬಳೆಗಾರರ ಅಜ್ಜಿ ಸತ್ತೇ ಹೋಗಿದ್ದರೆ ನಿನ್ನ ಮಾತು ನಿನ್ನ ತಲೆಗೆ ಬರುತ್ತಿತ್ತು ಎಂದು ಚೆನ್ನಾಗಿಯೇ ಅಂದೆ. ಆ ಮನುಷ್ಯ ಮರೆ ಕೇಳಿಕೊಂಡು ಬಂದಾಗ ಮುಖವನ್ನೂ ಸರಿಯಾಗಿ ನೋಡಲಿಲ್ಲ, ಕೇಳಿದವರಿಗೆಲ್ಲ ಕೊಟ್ಟೆ, ಅದು ನನ್ನ ತಪ್ಪು, ನಾಲ್ಕು ದಿನವೂ ಆಸ್ಪತ್ರೆಯಲ್ಲಿ ಅಜ್ಜಿಯ ಪಕ್ಕ ಕೂತಿದ್ದೆ ಎಂದಳು. ಆದರೂ ಮಾತು ಕೊಟ್ಟ ಮೇಲೆ ತನ್ನಷ್ಟಕ್ಕೆ ಮುರಿಯಲಾರೆ, ನಿಯಮ ಎಂದು ಒಂದಿದ್ದರೆ ಅದರ ಮುಂದೆ ತಲೆಬಾಗುತ್ತೇನೆ, ಅದನ್ನಾದರೂ ಬೇಗ ಬರೆಯಿರಿ ಎಂದಳು.

'ಸಂಬಂಧಿಕರು ಕೇಳಿದ್ರೆ ಹೇಳ್ಬೇಕು ಅಂತ ಬರ್ದಿದೀನಿ. ಸೋಮವಾರ ಸಹಿ' ಎಂದೆ. 'ಅಲ್ಲೀತನಕ ಯಾಕೆ? ಈಗಲೇ ಹೇಳು. ಹೆತ್ತವಳು ನಾನು.'

ಅವಳ ಕಾಲು ನಿಂತಿತು. ಸಾಲಿನಲ್ಲಿದ್ದವರು ತಲೆಯೆತ್ತಿದರು. ಅವಳು ಮತ್ತೆ ತುಳಿಯತೊಡಗಿ, 'ಅವಳನ್ನ ಕೇಳಿ ಹೇಳ್ತೀನಿ ವಾರಿಜಾ' ಎಂದಳು. ನನ್ನ ಮಗಳ ಹತ್ತಿರ ನನ್ನ ಪರವಾಗಿ ಅವಳು ಅಪ್ಪಣೆ ಕೇಳಬೇಕು. ನಾನು ಎದ್ದು ಬಂದೆ. ನಾನು ಬಿಟ್ಟುಬಂದ ಕೊಡೆಯನ್ನು ಸಾಲಿನಲ್ಲಿದ್ದ ಹೆಂಗಸೊಬ್ಬಳು ಕೂಡುರಸ್ತೆಯವರೆಗೆ ಓಡಿಬಂದು ಕೊಟ್ಟಳು. ಅವಳ ಸರದಿ ತಪ್ಪಿರಬೇಕು.

ಶುಕ್ರವಾರ ಸಂಜೆ ಮಂದಾಕಿನಿ ಬಂದಳು. ಒಳಗೆ ಬಂದರೂ ಕುಳಿತುಕೊಳ್ಳಲಿಲ್ಲ.

'ಏನಂದ್ಳು?' ಎಂದೆ.

'ಅಮ್ಮನಿಗೆ ಹೇಳ್ಬೇಡಿ ಅಂದ್ಳು.'

'ಅಷ್ಟೇನಾ?'

'ಅಷ್ಟೇ ಅಂತ ಹೇಳಿ ಹೋಗ್ಬಹುದಿತ್ತು ನಾನು. ನೀನು ಬಿಡಲ್ಲ. "ಅಮ್ಮನ ಮೇಲೆ ಸಿಟ್ಟಿಲ್ಲ. ಆದ್ರೆ ಯಾರಾದ್ರೂ ಕೇಳಿದ್ರೆ ಅಮ್ಮ ಓದಿ ಹೇಳ್ಬಿಡ್ತಾಳೆ" ಅಂದ್ಳು.'

ಈ ಮಾತಿಗೆ ಹಿಂದೆ ನಡೆದದ್ದೊಂದಿದೆ. ನಾನು ಅದನ್ನು ಸಮಿತಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ. ನನ್ನ ನೌಕರಿಯ ಕೊನೆಯ ವರ್ಷ ಮೃದುಲಾ ಮೊದಲ ಸಲ ಗಂಡನ ಮನೆ ಬಿಟ್ಟಾಗ ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಹಿಡಿದಿದ್ದಳು. ಬಾಗಿಲಿಗೆ ಹೆಸರು ಬರೆಸಲು ನನ್ನ ಮೇಜಿಗೇ ಬಂದಳು. ಅಮ್ಮ, ಒಡೆಯರು ಅನ್ನುವ ಜಾಗ ಖಾಲಿ ಬಿಡು, ಕಾರಣ ಆಮೇಲೆ ಹೇಳುತ್ತೇನೆ ಎಂದಳು. ಮಗಳೆಂದು ಖಾಲಿ ಬಿಟ್ಟರೆ ನಾಳೆ ಬೇರೆಯವರಿಗೆ ಏನು ಹೇಳಲಿ ಎಂದು ನಾನು ಅವಳ ಪೂರ್ತಿ ಹೆಸರನ್ನು ಬರೆದೆ, ಒಳ್ಳೆಯ ಅಕ್ಷರದಲ್ಲಿ. ಹತ್ತನೆಯ ದಿನ ಪದ್ಮನಾಭ ಬಂದ. ಕನ್ನಡಕ ಮರೆತು ಬಂದಿದ್ದೇನೆ ಅತ್ತೆ, ಓದುವುದಕ್ಕಾಗುತ್ತಿಲ್ಲ ಎಂದ. ಕನ್ನಡಕವಿಲ್ಲದೆ ಬಂದವರಿಗೆಲ್ಲ ನಾನು ಓದಿ ಹೇಳುತ್ತಿದ್ದೆ. ಅವನಿಗೂ ಓದಿ ಹೇಳಿದೆ. ಬೆರಳಿಟ್ಟು ತೋರಿಸಿದೆ. ಅವನು ಕೂಡುರಸ್ತೆಯಲ್ಲಿ ನಿಂತು ಆ ಹೆಸರು ಹೇಳಿ ನಡೆದ. ಮಣಿಕಟ್ಟು ಮುರಿದದ್ದು ಆ ದಿನ, ಅವನು ಅವಳನ್ನು ಮನೆಗೆ ಎಳೆದೊಯ್ಯುವಾಗ, ಗಿರಣಿಯ ಮೆಟ್ಟಿಲಲ್ಲಿ.

ಮಂದಾಕಿನಿಗೆ ಇದು ಗೊತ್ತಿತ್ತು, ಅವಳ ಮುಖದಲ್ಲಿ ಕಂಡೆ. ಇಷ್ಟು ವರ್ಷ ಅವಳು ಒಮ್ಮೆಯೂ ಅದನ್ನು ಎತ್ತಿ ಆಡಿರಲಿಲ್ಲ. ಸಮಿತಿಯಲ್ಲಿ ನಾನು ಅವಳನ್ನು ಹಣಿಯುತ್ತಿದ್ದೇನೆಂದು ತಿಳಿದ ಮೇಲೂ ಆಡಲಿಲ್ಲ. ಅದಕ್ಕಾಗಿ ಅವಳ ಕೈ ಹಿಡಿದುಕೊಳ್ಳಬೇಕಿತ್ತು. ನನಗಾಗಲಿಲ್ಲ. ಅವಳು ಹೊರಟ ಕೂಡಲೇ ಬಾಗಿಲು ಹಾಕಿಕೊಂಡೆ.

ಸೋಮವಾರದ ಸಭೆಗೆ ಬೇಗ ಹೋಗಿ, ಶನಿವಾರ ಮತ್ತು ಭಾನುವಾರ ಕುಳಿತು ಬರೆದ ಹೊಸ ಕರಡನ್ನು ಎಲ್ಲರ ಮುಂದಿಟ್ಟೆ. ನವೀಕರಣದ ದಿನ ತಪ್ಪಿದರೆ ಆ ಹೆಸರನ್ನು ಮೂವತ್ತು ದಿನ ಬೇರೆಯವರಿಗೆ ಕೊಡಕೂಡದು, ಮನೆಗೆ ಹೋಗಿ ನೆನಪಿಸಬೇಕು. ಮರೆ ಕೊಡುವವರು ಪಡೆಯುವವರ ಮುಖ ನೋಡಿ, ವಿಚಾರಿಸಿ, ನಿಜವಾದ ಹೆಸರನ್ನು ಅರಗು ಹಾಕಿದ ಲಕೋಟೆಯಲ್ಲಿ ಇಟ್ಟುಕೊಂಡಿರಬೇಕು. ಆ ಬಾಗಿಲಿನಿಂದ ಊರಿಗೆ ಕೇಡಾಗುತ್ತಿದೆ ಎಂದು ಐವರಲ್ಲಿ ಮೂವರಿಗೆ ಸಾಕ್ಷಿ ಸಮೇತ ಅನ್ನಿಸಿದರೆ ಮಾತ್ರ ಆ ಒಂದು ಲಕೋಟೆಯನ್ನು ಒಡೆಯಬೇಕು. ಇಷ್ಟಕ್ಕೆ ಯಾರದೂ ತಕರಾರಿರಲಿಲ್ಲ. ನಿಯಮಕ್ಕೆ ಸಹಿಯಾದ ದಿನವೇ ಗೋಪಣ್ಣನ ಹೆಸರು ಕದ್ದವನು ಯಾರೆಂದು ಬರೆದ ಲಕೋಟೆ ತರುವುದಾಗಿ ಮಂದಾಕಿನಿ ಹೇಳಿ ಕಳಿಸಿದ್ದಳು.

ಕೊನೆಯ ಕಲಮು ಓದಿದಾಗ ರುದ್ರಪ್ಪನವರು ಕನ್ನಡಕ ತೆಗೆದರು. ಹೋದ ವಾರ ಒಪ್ಪಿಕೊಂಡದ್ದು ಇಲ್ಲಿಲ್ಲವಲ್ಲ ಎಂದರು. ನಿಜ, ಇರಲಿಲ್ಲ. ಅದರ ಜಾಗದಲ್ಲಿ, ಗಂಡ, ಹೆಂಡತಿ, ತಂದೆ, ತಾಯಿ ಸೇರಿದಂತೆ ಯಾವ ಸಂಬಂಧಿಕರೂ ಸಂಬಂಧದ ಕಾರಣಕ್ಕೆ ಮರೆಯನ್ನು ತೆಗೆಸತಕ್ಕದ್ದಲ್ಲ ಎಂದಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಪದ್ಮನಾಭ ಎದ್ದು ನಿಂತ.

'ತಾಯಿಗೂ ಬೇಡವಾ ಅತ್ತೆ? ನಿಮಗೆ ಮಗಳನ್ನ ನೋಡೋ ಆಸೆ ಇಲ್ವಾ?'

ಗಂಡನನ್ನು ಮಾತ್ರ ಹೊರಗಿಟ್ಟು ತಾಯಿಯನ್ನು ಒಳಗೆ ಬಿಡುವಂತೆ ಬರೆಯಬಹುದಿತ್ತು. ಶನಿವಾರ ಪೂರ್ತಿ ಹಾಗೆ ಬರೆದು ಬರೆದು ನೋಡಿದ್ದೆ. ತಾಯಿಯ ಹತ್ತಿರ ಆ ಬಾಗಿಲಿನ ಹೆಸರಿದ್ದರೆ, ಅವನು ತಾಯಿಯ ಮನೆಗೆ ಬಂದು, ಕಾಲು ಮುಟ್ಟಿ, ಏನೋ ಒಂದು ಮರೆತು ಬಂದಿದ್ದೇನೆ ಎನ್ನುತ್ತಾನೆ.

'ಇದೆ' ಎಂದೆ. 'ನಾನು ನೋಡಕ್ಕೆ ಹೋಗೋ ದಾರೀಲೇ ನೀನೂ ಬರ್ತೀಯ ಪದ್ಮನಾಭ. ಒಂದ್ಸಲ ನಾನೇ ನಿನಗೆ ಓದಿ ಹೇಳಿದೀನಿ. ಅವಳ ಕೈ ಮುರಿದದ್ದು ಆವತ್ತೇ.'

ನಂತರ ಗಿರಣಿಯ ಸಂಗತಿಯನ್ನು ಸಮಿತಿಗೆ ಇದ್ದದ್ದು ಇದ್ದಂತೆ ಹೇಳಿದೆ. ಕೇಳಿದವರಿಗೆ ಇಲ್ಲವೆನ್ನದ ವಾರಿಜಮ್ಮ ಎಂದು ನನ್ನನ್ನು ಹೊಗಳುತ್ತಿದ್ದ ಜನ ಅದೇ ಬೆಂಚುಗಳಲ್ಲಿ ಕುಳಿತಿದ್ದರು. ಪದ್ಮನಾಭ ಇದೆಲ್ಲ ಸುಳ್ಳೆಂದ. ನಾನು ಸುಳ್ಳು ಹೇಳುವವಳಲ್ಲ ಎಂಬುದು ಆ ಒಂದು ದಿನ ಉಪಯೋಗಕ್ಕೆ ಬಂತು. ಅನಂತಯ್ಯ ಪೆನ್ನು ತೆಗೆದು ಸಹಿ ಹಾಕಿ ರುದ್ರಪ್ಪನವರ ಕಡೆ ಸರಿಸಿದರು. ರುದ್ರಪ್ಪನವರು ಸಹಿ ಹಾಕಿ, ತಮ್ಮ ನೀರಿನ ಲೋಟವನ್ನು ನನ್ನ ಮುಂದಿಟ್ಟರು.

ಮಂಗಳವಾರ ಮಧ್ಯಾಹ್ನ ಮಂದಾಕಿನಿ ಮೃದುಲಾಳ ಮನೆಯಿಂದ ನೇರವಾಗಿ ಬಂದಳು. ಈ ಸಲ ನಾನೇ ಕೂರಿಸಿದೆ, ಕಾಫಿಗೆ ಇಟ್ಟೆ. ನಿಯಮಾವಳಿಯ ಪ್ರತಿಯನ್ನು ಮೃದುಲಾಗೆ ಓದಿ ಹೇಳಿದಳಂತೆ. ತಾಯಿ ಎಂಬ ಪದ ಬಂದಾಗ, ಅದನ್ನು ಬರೆದವರು ಯಾರೆಂದು ಅವಳು ಕೇಳಿದಳಂತೆ. ನಿಮ್ಮಮ್ಮನೇ ಎಂದಾಗ ಕಾಗದವನ್ನು ಕೈಗೆ ತೆಗೆದುಕೊಂಡು ಅಕ್ಷರವನ್ನು ನೋಡುತ್ತ ಸುಮಾರು ಹೊತ್ತು ಕುಳಿತಿದ್ದಳಂತೆ. ಅತ್ತಳೋ ಎಂದು ನಾನು ಕೇಳಲಿಲ್ಲ. ಅತ್ತಿದ್ದರೆ ಮಂದಾಕಿನಿಯ ಮುಂದೆ ಅತ್ತಿರುತ್ತಾಳೆ. ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ.

'ಆಮೇಲೆ ಊಟಕ್ಕೆ ಕೂತೋಳು ಎರಡನೇ ಸಲ ಅನ್ನ ಹಾಕಿಸ್ಕೊಂಡ್ಳು' ಎಂದಳು ಮಂದಾಕಿನಿ.

'ಏನು ಮಾಡಿದ್ಳು?'

'ಹುರುಳಿಕಾಳಿನ ಸಾರು.'

'ಅವಳಿಗೆ ಹುರುಳಿ ಸೇರಲ್ಲ' ಎಂದೆ. ಚಿಕ್ಕಂದಿನಲ್ಲಿ ತಟ್ಟೆಯ ಅಂಚಿಗೆ ಒಂದೊಂದೇ ಕಾಳು ಎತ್ತಿಡುತ್ತಿದ್ದಳು.

'ಈಗ ಸೇರತ್ತೆ ಕಣೆ. ಅವಳೇ ಮಾಡ್ತಾಳೆ.'

ನಾನು ಒಳಗೆ ಹೋಗಿ ಕಾಫಿ ಸೋಸಿದೆ. ಲೋಟವನ್ನು ಅವಳ ಮುಂದೆ ಇಡುವಾಗ, ಬೇಡವೆಂದುಕೊಂಡರೂ ಸ್ವಲ್ಪ ಕುಕ್ಕಿಯೇ ಇಟ್ಟೆ, ಒಂದು ಹನಿ ಚೆಲ್ಲಿತು. ಮಂದಾಕಿನಿ ಅದನ್ನು ಸೆರಗಿನಿಂದ ಒರೆಸಿ, ಏನೂ ಆಗದವಳಂತೆ ಕುಡಿಯತೊಡಗಿದಳು. ನಾನು ಮಣೆ ಎಳೆದುಕೊಂಡು ಅವಳ ಎದುರು ಕುಳಿತೆ.

'ಒಗ್ಗರಣೆಗೆ ಬೆಳ್ಳುಳ್ಳಿ ಹಾಕ್ತಾಳಾ, ಇಂಗಾ?' ಎಂದು ಕೇಳಿದೆ. 'ಎಲ್ಲಾ ಹೇಳು, ಒಂದೂ ಬಿಡ್ಬೇಡ.'